ಮಗ್ರೂನ ಹಾಳಾದ ಬಗೆ

1961, ಮಾರ್ಚ್ 21

ಈದ್ ರಜೆ ಮುಗಿದು ಇವತ್ತು ಶಾಲೆ ಶುರುವಾಯಿತು. ಮಕ್ಕಳಿಂದ ಮಗ್ಗಿ ಹೇಳಿಸುತ್ತಿದ್ದೆ, ಬಾಗಿಲಲ್ಲಿ ಒಬ್ಬರು ಬಂದು ನಿಂತರು. ಬೂಟಿಗೆಲ್ಲ ಕೆಸರು, ಕೊರಳಲ್ಲಿ ಕ್ಯಾಮೆರಾ. ವಯಸ್ಸು ಮೂವತ್ತು ದಾಟಿರಲಾರದು.

"ದಲಂದಾ ಟೀಚರ್ ನೀವೇ ತಾನೇ? ಈ ಊರಲ್ಲೇ ಹುಟ್ಟಿ, ರಾಜಧಾನಿ ಟ್ಯೂನಿಸ್‌ನಲ್ಲಿ ಓದಿ, ಮತ್ತೆ ಈ ಊರಿಗೇ ಬಂದವರು?"

ಹೌದು ಅಂದೆ. ಅದನ್ನು ಯಾರಾದರೂ ಹೊಗಳಿಕೆಯ ಹಾಗೆ ಹೇಳಿದ್ದು ಇದೇ ಮೊದಲು.

ಹೆಸರು ಶೆದ್ಲಿ. ಹಳೆಯ ಮಗ್ರೂನವನ್ನು ಅಗೆದು ತೆಗೆಯಲು ಸರ್ಕಾರ ಕಳಿಸಿದೆಯಂತೆ. ಶಾಲೆ ಬಿಟ್ಟ ಮೇಲೆ ಇಬ್ಬರೂ ಗುಡ್ಡ ಹತ್ತಿದೆವು. ರಂಗಮಂದಿರದ ಮೆಟ್ಟಿಲ ಮೇಲೆ ಕೂತು ಅವರು ಕೇಳಿದ್ದು ಇನ್ನೂ ಕಿವಿಯಲ್ಲಿದೆ.

"ರೋಮನ್ನರ ಕಾಲದಲ್ಲಿ ಇಲ್ಲಿ ಸಾವಿರಾರು ಜನ ಇದ್ದರು. ಸ್ನಾನದ ಮನೆಗಳು, ಸಂತೆಕಟ್ಟೆ, ದೇವಸ್ಥಾನಗಳು, ಈ ರಂಗಮಂದಿರ. ಇಷ್ಟು ದೊಡ್ಡ ಊರು ಹೇಗೆ ಹಾಳಾಯಿತು? ಯಾವತ್ತಾದರೂ ಯೋಚನೆ ಮಾಡಿದ್ದೀರಾ?"

"ವ್ಯಾಂಡಲರು ಬಂದು ಕೊಳ್ಳೆ ಹೊಡೆದರು" ಅಂದೆ. ಶಾಲೆಯ ಪುಸ್ತಕದಲ್ಲಿರುವುದು ಅದೇ.

"ಹಾಗಾಗಿದ್ದರೆ ಸುಟ್ಟ ಗುರುತು ಇರಬೇಕಿತ್ತು. ನನಗಿಂತ ಮುಂಚೆ ಅಗೆದವರಿಗೆ ಸಿಕ್ಕಿಲ್ಲ. ಭೂಕಂಪವಾಗಿದ್ದರೆ ಗೋಡೆಗಳೆಲ್ಲ ಒಂದೇ ಕಡೆಗೆ ಮಲಗಿರಬೇಕಿತ್ತು. ಅದೂ ಇಲ್ಲ. ಮತ್ತೆ ಏನಾಯಿತು? ನನ್ನ ಪ್ರಬಂಧ ಪೂರ್ತಿ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ. ಆದರೆ ಅಗೆಯೋಣ ಅಂದರೆ ಮೇಲೆ ಜನ ಕೂತಿದ್ದಾರೆ."

ನಮ್ಮ ಊರು ಆ ಹಳೆಯ ಕಲ್ಲುಗಳ ನಡುವೆಯೇ ಹಬ್ಬಿಕೊಂಡಿದೆ. ನಾಚಿಕೆಯಾಯಿತು. ದೇವಸ್ಥಾನದ ಕಂಬಕ್ಕೆ ಕತ್ತೆ ಕಟ್ಟುವ ಜನ. ಅಕ್ಷರ ಕೆತ್ತಿದ ಕಲ್ಲನ್ನು ಬೋರಲು ಹಾಕಿ ಹೊಸ್ತಿಲು ಮಾಡಿಕೊಂಡ ಜನ. ಬೆಟ್ಟದ ಕೆಳಗೆ ಬಯಲಿನಲ್ಲಿ ಸರ್ಕಾರ ಇವರಿಗಾಗಿ ಹೊಸ ಮನೆಗಳನ್ನು ಕಟ್ಟಿಸುತ್ತಿದೆ. ಗಂಡಸರು ಹೂಂ ಅಂದಿದ್ದಾರೆ, ಹೆಂಗಸರು ಜಪ್ಪಯ್ಯ ಅಂದರೂ ಕದಲುತ್ತಿಲ್ಲ. ಅವರ ಜೊತೆ ಮಾತಾಡಲು ಒಬ್ಬ ಓದಿದ ಹೆಣ್ಣು ಬೇಕು. ನಾನು ಒಪ್ಪಿಕೊಂಡೆ. ಒಪ್ಪದೆ ಇರಲು ಕಾರಣವೇ ಕಾಣಲಿಲ್ಲ.

ಏಪ್ರಿಲ್ 5

ಸುಲಭದಿಂದ ಶುರು ಮಾಡೋಣ ಅಂತ, ಚಿಕ್ಕಂದಿನಿಂದ ನಾನು ಮಾವ ಅಂತ ಕರೆಯುವ ಬುರಾವಿಯ ಮನೆಗೆ ಮೊದಲು ಹೋದೆವು. ಮನೆ ಅಂದರೆ ರಂಗಮಂದಿರದ ಹಿಂದಿನ ಕಲ್ಲಿನ ಕಮಾನು. ಹಿಂಬದಿಗೆ ಗುಡ್ಡವನ್ನು ತಡೆದು ನಿಂತ ಎತ್ತರದ ಗೋಡೆ, ಎದುರಿಗೆ ಒಂದು ಚಾಪೆ. ಹೆಂಡತಿ ಸತ್ತ ಮೇಲೆ ಅಲ್ಲಿ ಅವನೂ ಅವನ ಕತ್ತೆಯೂ ಇರುತ್ತಾರೆ. ಫ್ರೆಂಚರ ಕಾಲದಲ್ಲೇ ಆ ಕತ್ತೆಗೆ ಗವರ್ನರ್ ಅಂತ ಹೆಸರಿಟ್ಟು ಒದೆ ತಿಂದವನು.

"ಬಾರೇ ಟೀಚರಮ್ಮ. ಮದುಮಗನ್ನ ಕರ್ಕೊಂಡೇ ಬಂದ್ಬಿಟ್ಯಾ?"

"ಸುಮ್ನಿರು. ಇವರು ದೊಡ್ಡ ಸಾಹೇಬರು. ಕೆಲಸದ ಮಾತಿದೆ."

"ಕೆಲಸ ಅಂದ್ರೆ ನಂಗೆ ಜ್ವರ ಬರುತ್ತೆ, ಇಡೀ ಊರಿಗೇ ಗೊತ್ತು."

ಶೆದ್ಲಿಯವರು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಈ ಕಲ್ಲುಗಳ ಬಗ್ಗೆ ಹಿರಿಯರು ಏನು ಹೇಳುತ್ತಿದ್ದರು ಅಂತ ಕೇಳಿದರು. ಬುರಾವಿ ಗಡ್ಡ ಕೆರೆದುಕೊಂಡ.

"ಇದೆಲ್ಲ ಜಿನ್ನುಗಳು ಕಟ್ಟಿದ್ದು ಸಾಹೇಬ್ರೇ. ಕೂಲಿ ಕೊಡ್ಲಿಲ್ಲ ಅಂತ ಅರ್ಧಕ್ಕೇ ಬಿಟ್ಟೋದ್ವು. ಸರ್ಕಾರದ ಕೆಲಸ ಅಂದ್ರೆ ಆವತ್ತಿಂದ್ಲೂ ಹಿಂಗೇ."

ಹೊಸ ಮನೆಗೆ ಹೋದರೆ ಇಲ್ಲಿಯ ಕಾವಲುಗಾರನ ಕೆಲಸ ಅವನಿಗೇ ಸಿಗುವ ಹಾಗೆ ಮಾಡುತ್ತೇನೆ ಎಂದೆ. ಟೋಪಿ, ಸೀಟಿ, ಹಿತ್ತಾಳೆ ಬಿಲ್ಲೆ. ಟೋಪಿ ಅಂದ ಕೂಡಲೇ ಅವನ ಮುಖ ಅರಳಿತು. ಸಾಯುವ ತನಕ ಇಲ್ಲೇ ಇದ್ದ ಹಾಗೂ ಆಯ್ತು, ಹೊಸ ಮನೆ ಸಿಕ್ಕ ಹಾಗೂ ಆಯ್ತು ಎಂದ. ಬರುವಾಗ ಶೆದ್ಲಿ, "ನಿಮಗೆ ಇದು ಎಷ್ಟು ಸಲೀಸು!" ಅಂದರು.

ಏಪ್ರಿಲ್ 26

ಅತ್ತೆಯ ಮನೆ. ಇದನ್ನು ಮುಂದೆ ಹಾಕುತ್ತಲೇ ಬಂದಿದ್ದೆ.

ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ನನ್ನನ್ನು ಸಾಕಿದವಳು ಖದ್ದೂಜ ಅತ್ತೆ, ಅಪ್ಪನ ಅಕ್ಕ. ಅವಳ ಮನೆ ದೊಡ್ಡ ದೇವಸ್ಥಾನದ ಕಂಬಗಳ ನಡುವೆಯೇ ಇದೆ. ಎರಡು ಕಂಬ ಗೋಡೆಯೊಳಗೆ ಸೇರಿಹೋಗಿವೆ. ಒಂದು ಅಂಗಳದಲ್ಲಿದೆ, ಅದಕ್ಕೆ ಮೆಣಸಿನಕಾಯಿ ಸರ ನೇತು ಹಾಕುತ್ತಾಳೆ. ನಾವು ಹೋದಾಗ ಮಣ್ಣಿನ ಒಲೆಯೊಳಗೆ ತೋಳುದ್ದಕ್ಕೂ ಕೈ ಹಾಕಿ ರೊಟ್ಟಿ ತಟ್ಟುತ್ತಿದ್ದಳು. ಬಿಸಿ ರೊಟ್ಟಿ, ಆಲಿವ್ ಎಣ್ಣೆ, ಪುದೀನ ಚಹಾ ಕೊಟ್ಟಳು. ಶೆದ್ಲಿ ಎರಡು ರೊಟ್ಟಿ ತಿಂದರು. ಆಮೇಲೆ ತಮ್ಮ ಪ್ರಶ್ನೆಯನ್ನು ತೆಗೆದರು.

"ಅಮ್ಮಾ, ಈ ಊರು ಹೇಗೆ ಹಾಳಾಯ್ತು ಅಂತ ನಿಮ್ಮ ಹಿರಿಯರು ಏನಾದ್ರೂ ಹೇಳ್ತಿದ್ರಾ?"

"ಯಾವ ಊರಪ್ಪಾ?"

"ಇದೇ. ಮಗ್ರೂನ."

"ಮಗ್ರೂನ ಹಾಳಾಯ್ತಾ? ಯಾವಾಗ? ನಂಗ್ಯಾರೂ ಹೇಳ್ಲೇ ಇಲ್ವಲ್ಲೇ ದಲಂದಾ!"

ಶೆದ್ಲಿ ಚಹಾ ಚೆಲ್ಲುವಷ್ಟು ನಕ್ಕರು. ನಾನೂ ನಕ್ಕೆ. ಅತ್ತೆ ನಗಲಿಲ್ಲ, ಇಬ್ಬರನ್ನೂ ಒಂದೊಂದು ಸಲ ನೋಡಿ ಒಲೆಯ ಕಡೆ ತಿರುಗಿದಳು.

ಅವರು ಹೋದ ಮೇಲೆ ಹೇಳಿದಳು: "ಹುಡುಗ ಒಳ್ಳೆಯವನೇ. ಆದ್ರೆ ನನ್ನ ಹತ್ರ ಮಾತಾಡ್ತಾ ಇದ್ರೂ ನನ್ನ ಹಿಂದಿನ ಕಂಬಾನೇ ನೋಡ್ತಿದ್ದ. ನಂಗೆ ಕೂದಲು ಕೆದರಿದೆಯೇನೋ ಅಂತ ತಲೆ ಮುಟ್ಟಿ ಮುಟ್ಟಿ ನೋಡ್ಕೊಂಡೆ."

"ಅತ್ತೆ, ಹೊಸ ಮನೇಲಿ ನಲ್ಲಿ ಇರುತ್ತೆ. ಸೋರಲ್ಲ. ಚೇಳು ಬರಲ್ಲ."

"ಚೇಳು ನನ್ನನ್ನ ಕಚ್ಚಿಲ್ಲ. ನೀನು ಕಚ್ಚಬೇಡ."

ಎಂಥ ಹಟ! ಇಂಥ ಜನರನ್ನು ಇಟ್ಟುಕೊಂಡು ದೇಶ ಮುಂದೆ ಹೋಗುವುದು ಹೇಗೆ?

ಜೂನ್ 11

ಬಾವಿಕಟ್ಟೆಯಲ್ಲಿ ಹೆಂಗಸರೆಲ್ಲ ಸೇರಿದ್ದರು. ತಯಾರಿ ಮಾಡಿಕೊಂಡೇ ಹೋಗಿದ್ದೆ. ನಲ್ಲಿ, ನರ್ಸಮ್ಮ, ಹೆಣ್ಣುಮಕ್ಕಳ ಶಾಲೆ. ಎಲ್ಲರೂ ನೀರು ಸೇದುತ್ತಲೇ ಇದ್ದರು. ಕೊನೆಗೆ ಸಲ್ಹಾಳನ್ನು ನೋಡಿ, "ಹೋದ ವರ್ಷ ನಿನ್ನ ಮಗಳನ್ನ ಚೇಳು ಕಚ್ಚಿದಾಗ ಕೆಳಗೆ ಆಸ್ಪತ್ರೆ ಇದ್ದಿದ್ರೆ ಮಗು ಉಳೀತಿತ್ತಲ್ವಾ?" ಎಂದೆ.

ಸಲ್ಹಾ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಆಮೇಲೆ ನಾನು ಬರ್ತೀನಿ ಎಂದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಹೂಂ ಎಂದರು.

ಆ ಮಾತು ಎತ್ತಬಾರದಿತ್ತೇನೋ. ಆದರೆ ಕೆಲಸವಾಯಿತು. ಶೆದ್ಲಿ ನನ್ನ ಎರಡೂ ಕೈ ಹಿಡಿದು ಕುಲುಕಿದರು. ಎಲ್ಲರ ಎದುರಿಗೇ.

ಅತ್ತೆ ಮಾತ್ರ ಕೊಡ ತುಂಬಿಕೊಂಡು ಹೊರಟುಹೋದಳು.

ಜುಲೈ 30

ಇವತ್ತು ಅತ್ತೆಯೂ ಇಳಿದಳು. ಕಡೆಯವಳು ಅವಳೇ.

"ಬೆಳಗ್ಗೆ ಎದ್ದು ಒಲೆ ಹಚ್ಚಿದೆ" ಅಂದಳು. "ಎದುರು ಮನೆ ಹೊಗೆ ಇಲ್ಲ. ಪಕ್ಕದ ಮನೆ ಹೊಗೆ ಇಲ್ಲ. ಇಷ್ಟು ದೊಡ್ಡ ಆಕಾಶಕ್ಕೆ ನಾನೊಬ್ಬಳೇ ಹೊಗೆ ಬಿಡ್ಲಾ? ನಡಿ."

ಗವರ್ನರ್ ಮೇಲೆ ಅವಳ ಪೆಟ್ಟಿಗೆ, ಚಾಪೆ, ಬೀಸುಕಲ್ಲು. ಒಲೆಯನ್ನು ಕೀಳಲು ಆಗಲಿಲ್ಲ, ಒಡೆದುಹೋಯಿತು. ಬುರಾವಿ ಹೊಸ ಟೋಪಿ ಹಾಕಿಕೊಂಡು ಕತ್ತೆಯನ್ನು ಹೊಡೆದುಕೊಂಡು ಬಂದ. ದಾರಿಯುದ್ದಕ್ಕೂ ಸೀಟಿ ಊದುತ್ತಿದ್ದ, ಮದುವೆ ದಿಬ್ಬಣದ ಹಾಗೆ. ಅತ್ತೆ ನಕ್ಕಳು, ಆಮೇಲೆ ಬೈದಳು.

ನನಗೆ ಖುಷಿಯಾಗಬೇಕಿತ್ತು. ದಣಿವಿರಬೇಕು.

ಆಗಸ್ಟ್ 18

ಮನೆಗಳನ್ನೆಲ್ಲ ಕೆಡವಿ ಆಯಿತು. ದೇವಸ್ಥಾನದ ಕಂಬಗಳು ಬಯಲಿಗೆ ಬಂದಿವೆ, ಜೇನಿನ ಬಣ್ಣ. ಇಷ್ಟು ಎತ್ತರ ಇದ್ದವು ಅಂತ ನನಗೆ ಗೊತ್ತೇ ಇರಲಿಲ್ಲ. ಟ್ಯೂನಿಸ್‌ನಿಂದ ಪತ್ರಿಕೆಯವರು ಬಂದು ಫೋಟೋ ತೆಗೆದರು. ಶೆದ್ಲಿ ನನ್ನನ್ನೂ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡರು.

ಮಧ್ಯಾಹ್ನ ಅತ್ತೆಯ ಅಡುಗೆಮನೆ ಇದ್ದ ಜಾಗವನ್ನು ಅಗೆಯುತ್ತಿದ್ದರು. ಅವಳ ಒಲೆಯ ಬುಡದಲ್ಲಿ ಇನ್ನೊಂದು ಒಲೆಯ ಬುಡ. ಅದರ ಕೆಳಗೆ ಮತ್ತೊಂದು. ಕೆಂಪು ಮಣ್ಣು, ಕಪ್ಪು ಬೂದಿ, ಮತ್ತೆ ಕೆಂಪು, ಮತ್ತೆ ಕಪ್ಪು. ಹಬ್ಬದ ಪದರುಪದರಿನ ಸಿಹಿತಿಂಡಿಯನ್ನು ಕತ್ತರಿಸಿದ ಹಾಗೆ. ಗುಂಡಿಯ ಒಳಗೆ ಆಳು ನಿಂತರೆ ತಲೆ ಕಾಣದಷ್ಟು ಆಳದವರೆಗೂ ಇದೇ. ಎಲ್ಲವೂ ಒಂದೇ ಮೂಲೆಯಲ್ಲಿ.

"ಇವನ್ನ ಬರ್ಕೊಳ್ಳೋದು ಬೇಡ್ವಾ?" ಅಂತ ಕೇಳಿದೆ.

"ಇದೆಲ್ಲ ಈಚಿನ ಕಸ. ಅರಬರ ಕಾಲದ್ದು, ತುರ್ಕರ ಕಾಲದ್ದು" ಎಂದರು ಶೆದ್ಲಿ. "ಅಕ್ಟೋಬರ್‌ಗೆ ಮಳೆ ಹಿಡಿಯುತ್ತೆ, ಅದರೊಳಗೆ ರೋಮನ್ ನೆಲ ಮುಟ್ಟಬೇಕು. ನಮಗೆ ಬೇಕಾಗಿದ್ದು ಕೆಳಗಿದೆ, ದಲಂದಾ."

ಸಂಜೆಯ ಹೊತ್ತಿಗೆ ಮುಟ್ಟಿದರು. ಚಪ್ಪಡಿ ಹಾಸಿದ ಚೆಂದದ ನೆಲ. ಬೂದಿಯನ್ನೆಲ್ಲ ಗಾಡಿಯಲ್ಲಿ ತುಂಬಿ ರಂಗಮಂದಿರದ ಮೇಲಿನ ಇಳಿಜಾರಿಗೆ ಸುರಿದರು.

ಅತ್ತೆಗೆ ಹೇಳಲಿಲ್ಲ. ಹೇಳಲು ಏನಿದೆ?

ಅಕ್ಟೋಬರ್ 8

ಬೆಳಗ್ಗೆ ಶಾಲೆಯ ಕಿಟಕಿಯಿಂದ ನೋಡಿದರೆ ಹೆಂಗಸರು ಬುಟ್ಟಿ ಸನಿಕೆ ಹಿಡಿದು ಗುಡ್ಡ ಹತ್ತುತ್ತಿದ್ದಾರೆ. ಅತ್ತೆ ಎಲ್ಲರಿಗಿಂತ ಮುಂದೆ. ಪ್ರತಿ ವರ್ಷ ಮೊದಲ ಮಳೆಗೆ ಮುಂಚೆ ಒಂದು ದಿನ ಎಲ್ಲರೂ ಸೇರಿ ಕಾಲುವೆಯ ಹೂಳು ಬಳಿದು ತೆಗೆಯುವುದು ಹಿಂದಿನಿಂದ ಬಂದದ್ದು. ಗುಡ್ಡದ ನೀರು ಮನೆಗಳಿಗೆ ನುಗ್ಗದೆ, ಕಲ್ಲಿನ ಕಾಲುವೆಗಳಲ್ಲಿ ಹರಿದು ದೇವಸ್ಥಾನದ ಅಡಿಯ ತೊಟ್ಟಿಗೆ ಬೀಳಬೇಕಲ್ಲ. ಹುಡುಗಿಯಾಗಿದ್ದಾಗ ನಾನೂ ಕಾಲುವೆಯೊಳಗೆ ತೆವಳಿ ಹೋಗಿ ಎಲೆ ಕೆಸರು ಎಳೆದು ಹಾಕಿದ್ದೆ. ಮರೆತೇ ಹೋಗಿತ್ತು.

ಮಕ್ಕಳಿಗೆ ಬರೆಯಲು ಕೊಟ್ಟು ಓಡಿದೆ. ಅಗೆಯುವ ಜಾಗಕ್ಕೆ ಹಾಕಿದ ಬೇಲಿಯ ಬಾಗಿಲಲ್ಲಿ ಬುರಾವಿ ಮಾವ ಎರಡೂ ಕೈ ಅಗಲಿಸಿ ನಿಂತಿದ್ದ. ಟೋಪಿ ಓರೆಯಾಗಿತ್ತು.

"ನೋಡವ್ವ ಖದ್ದೂಜ, ನೀನು ಒಳಗೆ ಬಂದ್ರೆ ನಾನು ಸೀಟಿ ಊದಬೇಕಾಗುತ್ತೆ."

"ಊದೋ ಊದು. ನೀನು ಚಡ್ಡಿ ಇಲ್ಲದೆ ಓಡಾಡ್ತಿದ್ದಾಗ ಮೂಗು ಒರೆಸಿದವಳು ನಾನು. ನಂಗೇ ಊದ್ತೀಯಾ?"

"ಅದಕ್ಕೇ ಹೇಳ್ತಿದೀನಿ, ಮಾನ ಕಳೀಬೇಡ. ಅನುಮತಿ ಇಲ್ಲದೆ ಯಾರನ್ನೂ ಬಿಡಬಾರದಂತೆ."

"ಯಾರನ್ನೂ ಅಂದ್ರೆ? ನಾವು ಯಾರು?"

ಅವನು ನನ್ನ ಕಡೆ ನೋಡಿದ. ನಾನು ಶೆದ್ಲಿಯ ಗುಡಾರಕ್ಕೆ ಹೋದೆ. ಅವರು ಸಿಡುಕಲಿಲ್ಲ, ಸಮಾಧಾನವಾಗಿಯೇ ಹೇಳಿದರು. "ಅವು ರೋಮನ್ ಕಾಲುವೆಗಳು. ಸನಿಕೆ ಏಟಿಗೆ ಒಂದು ಕಲ್ಲು ಒಡೆದರೂ ಮತ್ತೆ ತರೋಕಾಗಲ್ಲ. ಇಂಜಿನಿಯರ್‌ಗೆ ಬರೆದಿದ್ದೀನಿ, ಬಂದು ನೋಡ್ತಾರೆ. ಅಲ್ಲಿ ಈಗ ಮನೆಗಳೇ ಇಲ್ಲ. ನೀರು ನುಗ್ಗಿದರೆ ಯಾರಿಗೆ ತೊಂದರೆ?"

ಸರಿ ಅನ್ನಿಸಿತು. ಅದನ್ನೇ ಬಂದು ಹೆಂಗಸರಿಗೆ ಹೇಳಿದೆ. ನಾನು ಹೇಳಿದರೆ ಈಗ ಕೇಳುತ್ತಾರೆ. ಒಬ್ಬೊಬ್ಬರಾಗಿ ಇಳಿದು ಹೋದರು. ಅತ್ತೆ ಬುಟ್ಟಿಯನ್ನು ಬುರಾವಿ ಮಾವನ ಕಾಲ ಬಳಿ ಇಟ್ಟು, "ಇಟ್ಕೋ. ನೀನಾದ್ರೂ ಬಳಿ" ಎಂದಳು.

ಡಿಸೆಂಬರ್ 12

ಚಳಿ. ಹೊಸ ಮನೆಗಳ ಸಿಮೆಂಟ್ ಗೋಡೆ ಬೆವರುತ್ತದೆ. ನಲ್ಲಿ ವಾರದಲ್ಲಿ ಎಷ್ಟೋ ದಿನ ಕೆಮ್ಮುತ್ತದೆ ಅಷ್ಟೇ. ನರ್ಸಮ್ಮ ಇನ್ನೂ ಬಂದಿಲ್ಲ. ಸಲ್ಹಾ ಎದುರಾದರೆ ನಾನೇ ಬೇರೆ ಓಣಿ ಹಿಡಿಯುತ್ತೇನೆ.

ಇಂಜಿನಿಯರ್ ಕೂಡ ಬಂದಿಲ್ಲ.

ಅತ್ತೆ ಸಿಮೆಂಟ್ ಅಂಗಳದಲ್ಲಿ ಹೊಸ ಒಲೆ ಹಾಕಲು ನೋಡಿದಳು. ಎರಡು ಸಲ ಬಿರುಕು ಬಿಟ್ಟಿತು. ಈಗ ಅಂಗಡಿಯ ಉದ್ದ ಬ್ರೆಡ್ಡು ತಿನ್ನುತ್ತೇವೆ.

ಶೆದ್ಲಿ ತಮ್ಮ ಪ್ರಬಂಧದ ಒಂದು ಭಾಗ ಓದಿ ಹೇಳಿದರು. ತೆರಿಗೆಯ ಭಾರ, ವ್ಯಾಪಾರ ಕುಸಿದದ್ದು, ಒಳಜಗಳ. ಚೆನ್ನಾಗಿ ಬರೆದಿದ್ದಾರೆ. ಓದುತ್ತಾ ಇದ್ದಾಗ ನನಗೆ ಗುಂಡಿಯ ಗೋಡೆಯ ಆ ಕೆಂಪು ಕಪ್ಪು ಗೆರೆಗಳೇ ನೆನಪಾಗುತ್ತಿದ್ದವು. "ಊರು ಆವತ್ತೇ ಹಾಳಾಗಿದ್ರೆ, ಆ ಒಲೆಗಳನ್ನ ಒಂದರ ಮೇಲೊಂದು ಹಾಕ್ತಾ ಬಂದವರು ಯಾರು?" ಅಂತ ಕೇಳಿದೆ. ಯಾವ ಒಲೆ ಅಂದರು.

ಬೇಸಿಗೆಯಲ್ಲಿ ತಮ್ಮ ತಾಯಿಯನ್ನು ಕರೆದುಕೊಂಡು ಅತ್ತೆಯ ಹತ್ತಿರ ಮಾತಾಡಲು ಬರುತ್ತಾರಂತೆ. ನಾನು ತಲೆ ಆಡಿಸಿದೆ.

1962, ಫೆಬ್ರವರಿ 20

ಬುರಾವಿ ಮಾವ ಹೋದ.

ಫೆಬ್ರವರಿ 25

ಬರೆಯದೆ ಇದ್ದರೆ ತಲೆಯೊಳಗೇ ಸುತ್ತುತ್ತಿರುತ್ತದೆ. ಬರೆದುಬಿಡುತ್ತೇನೆ.

ಉಪವಾಸದ ತಿಂಗಳು. ಆ ವಾರವಿಡೀ ಮಳೆ ಸುರಿದಿತ್ತು. ಗುಡ್ಡದ ಮೇಲೆ ಕೆಲಸ ನಿಂತಿತ್ತು, ಆದರೆ ಕಾವಲು ನಿಲ್ಲುವ ಹಾಗಿಲ್ಲ. ಸಂಜೆ ಅತ್ತೆ ಜವೆಗೋದಿಯ ಸಾರು ಮಾಡಿ ಮುಚ್ಚಳದ ಪಾತ್ರೆಗೆ ತುಂಬಿದಳು.

"ಇದನ್ನ ಆ ಸೀಟಿಯವನಿಗೆ ಕೊಟ್ಟು ಬಾ. ಒಬ್ಬನೇ ಖರ್ಜೂರ ತಿಂದು ಉಪವಾಸ ಬಿಡ್ತಾನೆ, ಪಾಪಿ."

ಆ ಕಾಲುವೆಯ ಜಗಳವಾದ ಮೇಲೆ ಅವನ ಬಗ್ಗೆ ಅವಳು ಆಡಿದ ಮೊದಲ ಮಾತು ಅದು.

ಪಾತ್ರೆಯನ್ನು ಶಾಲಿನೊಳಗೆ ಹಿಡಿದುಕೊಂಡು ಹತ್ತಿದೆ. ಸೂರ್ಯ ಮುಳುಗಲು ಇನ್ನೂ ಸ್ವಲ್ಪ ಹೊತ್ತಿತ್ತು. ಬೇಲಿಯ ಬಳಿಯ ತಗಡಿನ ಗೂಡಿನಲ್ಲಿ ಅವನಿರಲಿಲ್ಲ. ಎಲ್ಲಿರುತ್ತಾನೆ ಅಂತ ನನಗೆ ಗೊತ್ತಿತ್ತು. ಮಳೆ ಜೋರಾದರೆ ತನ್ನ ಹಳೆಯ ಕಮಾನಿನೊಳಗೆ ಹೋಗಿ ಕೂರುತ್ತಿದ್ದ. ಅದೊಂದನ್ನು ಕೆಡವಿರಲಿಲ್ಲ, ರೋಮನ್ನರದ್ದಾದ್ದರಿಂದ.

ರಂಗಮಂದಿರದ ಹಿಂದೆ ತಿರುಗಿದೆ. ಮೊದಲು ದಾರಿ ತಪ್ಪಿದೆ ಅಂದುಕೊಂಡೆ. ಆ ಎತ್ತರದ ಗೋಡೆ ಇರಲಿಲ್ಲ. ಗೋಡೆ ಇದ್ದಲ್ಲಿ ಗುಡ್ಡವೇ ಬಾಯಿ ಬಿಟ್ಟುಕೊಂಡು ಕೆಳಗೆ ಬಂದು ಕೂತಿತ್ತು. ಕಲ್ಲು, ಕೆಸರು, ಅದರ ತುಂಬ ಕಪ್ಪು ಬೂದಿ. ಬೂದಿಯ ನೀರು ನನ್ನ ಚಪ್ಪಲಿಯ ಮೇಲೆ ಹರಿಯುತ್ತಿತ್ತು. ಗವರ್ನರ್ ಒಂದು ಪಕ್ಕದಲ್ಲಿ ಮಳೆಯಲ್ಲಿ ನಿಂತಿತ್ತು, ಹಗ್ಗ ಕಲ್ಲಿನಡಿ ಸಿಕ್ಕಿಕೊಂಡಿತ್ತು. ಓಡಿಹೋಗಲೂ ಆಗದೆ ಕತ್ತು ಎಳೆದು ಎಳೆದು ನೋಡುತ್ತಿತ್ತು.

"ಮಾವಾ" ಅಂತ ಕೂಗಿದೆ. ಕೈಯಿಂದಲೇ ಕಲ್ಲು ತೆಗೆಯಲು ಹೋದೆ. ಪಾತ್ರೆ ಎಲ್ಲಿಟ್ಟೆನೋ ಗೊತ್ತಿಲ್ಲ. ಕೆಳಗಿನ ಮಸೀದಿಯಿಂದ ಬಾಂಗು ಕೇಳಿಸಿತು. ಕೆಳಗೆ ಎಲ್ಲರೂ ಉಪವಾಸ ಬಿಟ್ಟು ನೀರು ಕುಡಿಯುತ್ತಿರುತ್ತಾರೆ ಅಂತ ಅನ್ನಿಸಿತು. ಆಮೇಲೆ ಓಡಿದೆ, ಕೂಗಿಕೊಂಡು ಓಡಿದೆ.

ಊಟದ ಮುಂದಿನಿಂದ ಎದ್ದು ಎಲ್ಲರೂ ಬಂದರು. ಶೆದ್ಲಿಯೂ ಬಂದರು, ಕೋಟು ಕಿತ್ತೆಸೆದು ಎಲ್ಲರ ಜೊತೆ ಕಲ್ಲು ಹೊತ್ತರು. ಅವರ ಉಗುರು ಕಿತ್ತು ರಕ್ತ ಬರುತ್ತಿತ್ತು. ಅದನ್ನು ಬರೆಯದಿದ್ದರೆ ತಪ್ಪಾಗುತ್ತದೆ.

ಟೋಪಿ ಮೊದಲು ಸಿಕ್ಕಿತು.

ಮಾರನೆಯ ದಿನ ಮಣ್ಣು ಮಾಡಿದರು. ಹೆಂಗಸರು ಅಂಗಳದಲ್ಲಿ ಕೂತು ಅತ್ತರು. ಯಾರೂ ನನಗೆ ಏನೂ ಅನ್ನಲಿಲ್ಲ. ಸಲ್ಹಾ ನನ್ನ ಪಕ್ಕದಲ್ಲೇ ಬಂದು ಕೂತಳು, ನನ್ನ ಕೈಯ ಗಾಯಕ್ಕೆ ಎಣ್ಣೆ ಹಚ್ಚಿದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಮಾರ್ಚ್ 17

ಈ ಸಲ ಈದ್‌ಗೆ ಯಾರೂ ಹೊಸ ಬಟ್ಟೆ ತೊಡಲಿಲ್ಲ.

ವಿಚಾರಣೆ ಮುಗಿಯಿತು. ಗೋಡೆ ಯಾಕೆ ಬಿತ್ತು ಅಂತ ವರದಿ ಹೋಗಬೇಕು. ಹೆಂಗಸರನ್ನು ಒಬ್ಬೊಬ್ಬರಾಗಿ ಕೇಳಿ, ಅವರು ಹೇಳಿದ್ದನ್ನು ಬರೆದುಕೊಡಬೇಕಿತ್ತು ನಾನು. ಎಲ್ಲರೂ ಹೇಳಿದ್ದು ಒಂದೇ: ಕಾಲುವೆ ಬಳಿಯಲಿಲ್ಲ. ಮೇಲೆ ಮಣ್ಣು ಸುರಿದಿದ್ದರು. ನೀರಿಗೆ ಹೋಗಲು ದಾರಿ ಇರಲಿಲ್ಲ, ಗೋಡೆಯ ಹಿಂದೆ ನಿಂತಿತು. ಅತ್ತೆ ಇನ್ನೊಂದು ಮಾತು ಸೇರಿಸಿದಳು. "ಆ ಗೋಡೆಗೆ ಒರಗಿಕೊಂಡು ಮೂರು ಮನೆ ಇದ್ವು. ಮನೆಗೆ ಗೋಡೆ ಆಸರೆ, ಗೋಡೆಗೆ ಮನೆ ಆಸರೆ. ಒಂದನ್ನ ತೆಗೆದ್ರೆ ಇನ್ನೊಂದು ಏನು ಮಾಡುತ್ತೆ?"

ಶೆದ್ಲಿ ಸಾಹೇಬರು ಅಷ್ಟನ್ನೂ ಓದಿದರು. ಕೆನ್ನೆ ಇಳಿದುಹೋಗಿದೆ, ಗಡ್ಡ ಬೋಳಿಸಿಲ್ಲ.

"ಏನಂತ ಬರೀಲಿ ದಲಂದಾ?"

"ಆದದ್ದನ್ನ ಬರೀರಿ."

"ಬರೆದರೆ ಕೆಲಸವನ್ನೇ ನಿಲ್ಲಿಸ್ತಾರೆ. ಮತ್ತೆ ಎಷ್ಟು ವರ್ಷಕ್ಕೆ ಶುರು ಮಾಡ್ತಾರೋ. ಅವನು ವಾಪಸ್ ಬರ್ತಾನಾ?"

ಅವರು ಫ್ರೆಂಚಿನಲ್ಲಿ ಬರೆದರು: ಅಸಾಧಾರಣ ಮಳೆಯಿಂದಾಗಿ, ಈಗಾಗಲೇ ಶಿಥಿಲವಾಗಿದ್ದ ಪ್ರಾಚೀನ ಗೋಡೆ ಕುಸಿದಿದೆ. ಅರಬಿಗೆ ನಾನೇ ತಿರುಗಿಸಿದೆ. ಒಂದೊಂದು ಪದವನ್ನೂ ಸರಿಯಾಗಿ ತಿರುಗಿಸಿದೆ. ಸುಳ್ಳು ಅನ್ನುವಂಥದ್ದು ಅದರಲ್ಲಿ ಒಂದೂ ಇರಲಿಲ್ಲ.

ಜೂನ್ 28

ಸಾಹೇಬರಿಗೆ ವರ್ಗವಾಯಿತು. ದಕ್ಷಿಣದಲ್ಲಿ, ಮರಳುಗಾಡಿನ ಅಂಚಿನ ಇನ್ನೊಂದು ಹಾಳು ಊರಿಗೆ. ಹೊರಡುವ ಮುಂಚೆ ಶಾಲೆಗೆ ಬಂದಿದ್ದರು. ಅಲ್ಲೂ ಒಂದು ಶಾಲೆ ಇದೆಯಂತೆ, ಟೀಚರ್ ಬೇಕಂತೆ.

"ಅಲ್ಲಿ ಜನ ಇದ್ದಾರಾ?" ಅಂತ ಕೇಳಿದೆ.

"ಊರಲ್ಲಿ ಇದ್ದಾರೆ. ಅಗೆಯೋ ಜಾಗದಲ್ಲಿ ಯಾರೂ ಇಲ್ಲ."

"ಹಾಗಾದ್ರೆ ನಿಮಗೆ ನನ್ನಿಂದ ಕೆಲಸ ಬೀಳಲ್ಲ" ಎಂದೆ. ತಮಾಷೆಗೆ ಹೇಳಿದ್ದು. ಇಬ್ಬರಿಗೂ ನಗು ಬರಲಿಲ್ಲ. ಅವರ ಕೈ ಒಳ್ಳೆಯ ಕೈ, ಉಗುರು ಮತ್ತೆ ಬಂದಿದೆ.

ನಾನು ಹೋಗುವುದಿಲ್ಲ ಅಂತ ಅತ್ತೆಗೆ ಹೇಳಿದಾಗ ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೇನು ನೋಡಲು ಶುರು ಮಾಡಿದಳು. ಹೇನೇನೂ ಇರಲಿಲ್ಲ.

ಅಕ್ಟೋಬರ್ 14

ಮೊನ್ನೆಯಿಂದ ಮೋಡ ಕಟ್ಟಿದೆ. ಇವತ್ತು ನಾವೆಲ್ಲ ಕಾಲುವೆ ಬಳಿಯಲು ಹೋದೆವು. ಅನುಮತಿಗೆ ನಾನೇ ಬೇಸಿಗೆಯಿಡೀ ಬರೆದೂ ಬರೆದೂ ತರಿಸಿದ್ದೆ. ಹೊಸ ಕಾವಲುಗಾರ ಬೇರೆ ಊರಿನವನು, ಕಾಗದ ನೋಡಿ ಬಾಗಿಲು ತೆಗೆದ. ಅತ್ತೆ, ಸಲ್ಹಾ, ಇನ್ನೂ ಸುಮಾರು ಜನ. ಬುಟ್ಟಿ, ಸನಿಕೆ, ಬುತ್ತಿ. ಹೋದ ವರ್ಷದಿಂದ ಇಷ್ಟು ಗಲಾಟೆ ಮಾಡಿಕೊಂಡು ನಾವು ನಡೆದೇ ಇರಲಿಲ್ಲ. ಯಾರೋ ಬುರಾವಿ ಮಾವನ ಹಾಗೆ ಸೀಟಿ ಹಾಕಿದರು, ಒಂದಿಬ್ಬರು ನಕ್ಕರು, ಆಮೇಲೆ ಸುಮ್ಮನಾದರು.

ಕಾಲುವೆಯ ಬಾಯಿ ಎಲ್ಲಿದೆ ಅಂತ ಅತ್ತೆಗೆ ಕಣ್ಣು ಮುಚ್ಚಿದರೂ ಗೊತ್ತು. ನಾವೆಲ್ಲ ಅವಳ ಹಿಂದೆ ಹೋದೆವು.

ಅವಳು ನಿಂತಳು. ಮುಂದೆ ಹೋದಳು. ಮತ್ತೆ ಹಿಂದೆ ಬಂದಳು.

"ಸಲ್ಹಾ ಮನೆ ಅಂಜೂರದ ಮರ ದಾಟಿ ಎಡಕ್ಕೆ ಹೊರಳಿದ್ರೆ ನಮ್ಮ ಹಿತ್ತಲು" ಅಂದಳು. "ಹಿತ್ತಲ ಗೋಡೆ ಮುಗಿಯೋ ಕಡೆ ಕಾಲುವೆ ಬಾಯಿ."

ಅಂಜೂರದ ಮರ ಇಲ್ಲ. ಹಿತ್ತಲು ಇಲ್ಲ. ಎಲ್ಲಿ ನೋಡಿದರೂ ನುಣ್ಣಗೆ ಗುಡಿಸಿದ ಚಪ್ಪಡಿ, ಮೋಟು ಕಂಬಗಳು, ಅದರಾಚೆ ಸುರಿದ ಮಣ್ಣಿನ ದಿಬ್ಬದ ಮೇಲೆ ಬೆಳೆದ ಮುಳ್ಳುಗಿಡ.

"ಇಲ್ಲಿತ್ತು ನನ್ನ ಮನೆ" ಎಂದಳು ಸಲ್ಹಾ.

"ಅಲ್ಲ ಕಣೇ, ಅದು ಮಸೀದಿ ಓಣಿ."

"ಓಣಿ ಅಲ್ಲಿ, ಆ ಕಡೆ."

"ನಿಂಗೆ ತಲೆ ಕೆಟ್ಟಿದೆ, ಅಲ್ಲಿಂದ ಅಷ್ಟು ದೂರ ನೀರು ಹೊರ್ತಿದ್ನಾ ನಾನು?"

ಜಗಳವೇ ಆಯಿತು. ಇಡೀ ಆಯಸ್ಸು ಅಲ್ಲೇ ಕಳೆದವರು, ತಮ್ಮ ಬಾಗಿಲು ಎಲ್ಲಿತ್ತು ಅಂತ ಒಬ್ಬೊಬ್ಬರು ಒಂದೊಂದು ಕಡೆ ಕೈ ತೋರಿಸುತ್ತಿದ್ದರು.

ನನ್ನ ಚೀಲದಲ್ಲಿ ಉತ್ಖನನದ ನಕ್ಷೆ ಇತ್ತು, ಅಚ್ಚಾಗಿ ಬಂದದ್ದು. ಚಪ್ಪಡಿಯ ಮೇಲೆ ಬಿಡಿಸಿ ಹಾಸಿದೆ. ದೇವಸ್ಥಾನ, ರಂಗಮಂದಿರ, ಸಂತೆಕಟ್ಟೆ, ಸ್ನಾನದ ಮನೆ, ಎಲ್ಲವೂ ಕೂದಲೆಳೆಯ ಗೆರೆಯಲ್ಲಿ. ಅವುಗಳ ಪಕ್ಕದ ಹೆಸರುಗಳನ್ನು ಎರಡು ಭಾಷೆಯಲ್ಲಿ ಬರೆದವಳು ನಾನೇ. ಇನ್ನೂ ಅಗೆಯದ ಕಾಲುವೆಗಳು ಅದರಲ್ಲಿ ಇರಲಿಲ್ಲ, ಒಂದು ಮನೆಯೂ ಇರಲಿಲ್ಲ. ಬೆರಳಿಟ್ಟು ಹುಡುಕಿದೆ, ಮೇಲಿಂದ ಕೆಳಗೆ, ಕೆಳಗಿಂದ ಮೇಲೆ. ನಮ್ಮ ಯಾರ ಮನೆಯೂ ಇರಲಿಲ್ಲ.

ಅತ್ತೆ ನನ್ನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದಳು. ಅವಳಿಗೆ ಓದಲು ಬಾರದು.

"ಸಿಕ್ತಾ? ಹೇಳೇ. ನಾವು ಎಲ್ಲಿದ್ವಿ?"

ನಕ್ಷೆ ಮಡಚಿದೆ. ಅವಳು ಒಂದು ಜಾಗ ತೋರಿಸಿ ಇಲ್ಲೇ ಇರಬೇಕು ಅಂದಳು. ಅಗೆದೆವು. ಬೂದಿ ಬಂತು, ಮುರಿದ ಮಡಕೆ ಚೂರು ಬಂತು, ಕಾಲುವೆ ಬರಲಿಲ್ಲ. ಇನ್ನೊಂದು ಕಡೆ ಅಗೆದೆವು. ಮಧ್ಯಾಹ್ನದ ಬುತ್ತಿಯನ್ನು ಯಾರೂ ಬಿಚ್ಚಲಿಲ್ಲ.

ಮೂರನೆಯ ಗುಂಡಿಗೆ ಕೈ ಹಾಕಿದ್ದೆವು, ದಪ್ಪ ಹನಿ ಬೀಳತೊಡಗಿತು. ಬುಟ್ಟಿ ತಲೆಯ ಮೇಲೆ ಬೋರಲು ಹಾಕಿಕೊಂಡು ಎಲ್ಲರೂ ಓಡಿದೆವು. ಮಳೆಗೆ ಮರೆಯಾಗಿ ನಿಲ್ಲಲು ಉಳಿದಿದ್ದದ್ದು ದೇವಸ್ಥಾನದ ಮುಂಭಾಗದ ಸೂರೊಂದೇ. ಅದರ ಅಡಿಯಲ್ಲಿ, ಆ ಎತ್ತರದ ಕಂಬಗಳ ಕೆಳಗೆ, ಒಬ್ಬರಿಗೊಬ್ಬರು ಅಂಟಿಕೊಂಡು ನಿಂತೆವು. ಬಸ್ಸಿನಲ್ಲಿ ಬರುವ ಪ್ರವಾಸಿಗಳು ಮಳೆ ಬಂದಾಗ ನಿಲ್ಲುತ್ತಾರಲ್ಲ, ಹಾಗೆ.

ಗುಡ್ಡದ ಮೇಲಿನ ನೀರು ಇಳಿಯಲು ಶುರುವಾಯಿತು. ಕಾಲ ಕೆಳಗೆ ಎಲ್ಲೋ ಆಳದಲ್ಲಿ ಗುಳುಗುಳು ಸದ್ದು. ನೀರು ತೊಟ್ಟಿಗೆ ಬೀಳುತ್ತಿದೆಯೇ ಅಂತ ಅತ್ತೆ ಮಂಡಿಯೂರಿ ಚಪ್ಪಡಿಗೆ ಕಿವಿ ಇಟ್ಟಳು. ಬಹಳ ಹೊತ್ತು ಹಾಗೆಯೇ ಆಲಿಸಿದಳು. ಆಮೇಲೆ ನನ್ನ ಕೈ ಹಿಡಿದು ಎದ್ದು, ಕೆನ್ನೆಗೆ ಹತ್ತಿದ ಕೆಸರು ಒರೆಸಿಕೊಂಡಳು.

"ಎಲ್ಲಿಗೋ ಹೋಗ್ತಿದೆ" ಎಂದಳು. "ಎಲ್ಲಿಗೆ ಅಂತ ಗೊತ್ತಾಗ್ಲಿಲ್ಲ."